ಕ್ರೈಸ್ಲರ್ ಕಾರಿನ ಕಥೆ: ಡೆಟ್ರಾಯಿಟಿನಿಂದ ಗುಬ್ಬಿಯವರೆಗೆ

ಕುಣಿಗಲ್ ಎಂಬ ಹೆಸರು ಕಿವಿಗೆ ಬಿದ್ದೊಡನೆ ನಮ್ಮ ಸೀಮೆಯವರಿಗೆ ಎರಡು ಸಂಗತಿಗಳು ನೆನಪಿಗೆ ಬರುತ್ತವೆ: ಒಂದು ಅಲ್ಲಿಯ ದೊಡ್ಡಕೆರೆ, ಇನ್ನೊಂದು ಅಲ್ಲಿಯ ಕುದುರೆ ಫಾರಂ. ಟಿಪ್ಪು ಸುಲ್ತಾನನ ಕಾಲದಲ್ಲಿ ರಾವುತರ ದಂಡಿಗೆ ಕುದುರೆಗಳನ್ನು ಒದಗಿಸುತ್ತಿದ್ದ ಆ ತಾಣವು ಕಾಲಾಂತರದಲ್ಲಿ ಪಂದ್ಯದ ಕುದುರೆಗಳನ್ನು ಬೆಳೆಸುವ ಕೇಂದ್ರವಾಯಿತು. ಯುದ್ಧಕ್ಕೂ ಪಯಣಕ್ಕೂ ಕುದುರೆಯನ್ನೇ ನಂಬಿಕೊಂಡಿದ್ದ ಕಾಲವು ಕಳೆದುಹೋಯಿತು. ಆದರೆ ಯಂತ್ರಶಾಸ್ತ್ರದಲ್ಲಿ ಕುದುರೆಯ ಹೆಸರು ಮಾತ್ರ ಅಳಿಯಲಿಲ್ಲ. ಎಂಜಿನಿನ ಸಾಮರ್ಥ್ಯವನ್ನು ನಾವು ಇಂದಿಗೂ ಅಶ್ವಶಕ್ತಿಯಲ್ಲಿ ಹೇಳುತ್ತೇವೆ. ಜೇಮ್ಸ್ ವಾಟನು ಗೊತ್ತುಮಾಡಿದ ಈ ಮಾನದ ಪ್ರಕಾರ, 33,000 ಪೌಂಡು ಭಾರವನ್ನು ಒಂದು ನಿಮಿಷದಲ್ಲಿ ಒಂದು ಅಡಿ ಮೇಲಕ್ಕೆತ್ತಬಲ್ಲ ಸಾಮರ್ಥ್ಯವೇ ಒಂದು ಅಶ್ವಶಕ್ತಿ; ಇಂದಿನ ಲೆಕ್ಕದಲ್ಲಿ ಇದು ಸುಮಾರು 746 ವಾಟ್.

1924ರ ಜನವರಿಯಲ್ಲಿ ನ್ಯೂಯಾರ್ಕ್ ನಗರದ ಒಂದು ಹೋಟೆಲಿನ ಮುಂಗಟ್ಟಿನಲ್ಲಿ ಹೊಸದೊಂದು ಕಾರನ್ನು ಪ್ರದರ್ಶನಕ್ಕಿಟ್ಟರು. ಅದರ ಎಂಜಿನಿನ ಸಾಮರ್ಥ್ಯ 68 ಅಶ್ವಶಕ್ತಿ. ಕುಣಿಗಲಿನ ಲಾಯದಿಂದ ಅರವತ್ತೆಂಟು ಕುದುರೆಗಳನ್ನು ಹೊರಗೆ ತಂದು ಒಂದೇ ಗಾಡಿಗೆ ಕಟ್ಟಿದರೆ ಆಗುವ ಗದ್ದಲವನ್ನು ಊಹಿಸಿಕೊಳ್ಳಿ! ಅಷ್ಟು ಬಲವನ್ನು ನಾಲ್ಕಡಿ ಉದ್ದದ ಪೆಟ್ಟಿಗೆಯಲ್ಲಿ ಅಡಗಿಸಬಹುದಾದಂಥ ಆ ಯಂತ್ರಕ್ಕೆ ಅದನ್ನು ಮಾಡಿಸಿದವನ ಹೆಸರನ್ನೇ ಇಟ್ಟಿದ್ದರು: ಕ್ರೈಸ್ಲರ್. ಈ ಕಂಪೆನಿಯ ಚರಿತ್ರೆಯ ಒಂದು ಎಳೆಯು ಮೈಸೂರು ಸಂಸ್ಥಾನವನ್ನು ಹಾದು ನಮ್ಮ ಗುಬ್ಬಿಯವರೆಗೂ ಬಂದಿದೆ. ಅದು ಹೇಗೆಂಬುದನ್ನು ನೋಡೋಣ.

ಬಿಚ್ಚಿ ಜೋಡಿಸಿದವನು

ವಾಲ್ಟರ್ ಕ್ರೈಸ್ಲರನು 1875ರಲ್ಲಿ ಕ್ಯಾನ್ಸಸ್ ಪ್ರಾಂತದಲ್ಲಿ ಹುಟ್ಟಿದವನು. ರೈಲ್ವೆ ಕಾರ್ಖಾನೆಗಳಲ್ಲಿ ಕೈಕೆಲಸಗಾರನಾಗಿ ಜೀವನವನ್ನಾರಂಭಿಸಿ ಮೇಲಕ್ಕೆ ಬಂದವನು. 1908ರಲ್ಲಿ ಷಿಕಾಗೋ ನಗರದ ಮೋಟಾರು ಪ್ರದರ್ಶನದಲ್ಲಿ ಅವನು ಲೋಕೊಮೊಬೈಲ್ ಎಂಬ ಕಾರೊಂದನ್ನು ಕಂಡು ಮರುಳಾದನು. ಅದರ ಬೆಲೆ 5,000 ಡಾಲರು. ಅವನ ಕೈಯಲ್ಲಿದ್ದುದು 700 ಡಾಲರು. ಮಿಕ್ಕುದನ್ನು ಸಾಲ ಮಾಡಿ ಕೊಂಡುತಂದನು. ಹಾಗೆ ತಂದವನು ಅದರಲ್ಲಿ ಕುಳಿತು ಮೆರೆದನೆ? ಇಲ್ಲ. ಅದನ್ನು ಮನೆಯ ಕೊಟ್ಟಿಗೆಯಲ್ಲಿ ನಿಲ್ಲಿಸಿ, ಒಂದೊಂದು ಭಾಗವನ್ನೂ ಬಿಚ್ಚಿ, ನೋಡಿ, ಮತ್ತೆ ಜೋಡಿಸಿದನು. ಹೀಗೆ ಹಲವು ಸಾರಿ ಮಾಡಿ, ಯಂತ್ರದ ಗುಟ್ಟೆಲ್ಲ ಮನದಟ್ಟಾದ ಮೇಲೆಯೇ ಅದನ್ನು ರಸ್ತೆಗೆ ಇಳಿಸಿದನು.

ಮುಂದೆ ಅವನು ಬ್ಯೂಯಿಕ್ ಕಂಪೆನಿಯ ಕಾರ್ಖಾನೆಯನ್ನು ನಡೆಸಿ ಹೆಸರಾದನು. ಮುಳುಗುತ್ತಿದ್ದ ಮ್ಯಾಕ್ಸ್‌ವೆಲ್ ಕಂಪೆನಿಯನ್ನು ಕೈಗೆ ತೆಗೆದುಕೊಂಡನು. ಜೀಡರ್, ಸ್ಕೆಲ್ಟನ್, ಬ್ರೀಯರ್ ಎಂಬ ಮೂವರು ಎಂಜಿನಿಯರುಗಳು ಅವನಿಗೆ ನೆರವಾದರು. ಮೇಲೆ ಹೇಳಿದ 1924ರ ಕಾರು ಮೊದಲ ವರ್ಷದಲ್ಲಿಯೇ ಸುಮಾರು 32,000ದಷ್ಟು ಮಾರಾಟವಾಯಿತು. 1925ರ ಜೂನ್ ತಿಂಗಳಿನಲ್ಲಿ ಮ್ಯಾಕ್ಸ್‌ವೆಲ್ ಕಂಪೆನಿಯು ಕ್ರೈಸ್ಲರ್ ಕಾರ್ಪೊರೇಷನ್ ಆಗಿ ಮಾರ್ಪಟ್ಟಿತು. 1928ರಲ್ಲಿ ಡಾಡ್ಜ್ ಕಂಪೆನಿಯನ್ನು ಅದು ಕೊಂಡಿತು. ಪ್ಲಿಮತ್, ಡಿಸೋಟೊ ಎಂಬ ಹೊಸ ಕಾರುಗಳನ್ನೂ ಅದೇ ವರ್ಷ ಹೊರತಂದಿತು. ಮೂರೇ ವರ್ಷಗಳ ಕೂಸು ಫೋರ್ಡ್, ಜನರಲ್ ಮೋಟಾರ್ಸ್‌ಗಳಂಥ ದೈತ್ಯರ ಪಕ್ಕದಲ್ಲಿ ನಿಂತುಬಿಟ್ಟಿತು.

ಆಕರ್ಷಣೆಯ ಗುಟ್ಟು

ಜನರು ಈ ಕಾರನ್ನು ಮೆಚ್ಚಿದುದೇಕೆ? ಬಣ್ಣ ಬೆಡಗುಗಳ ಮಾತು ಹಾಗಿರಲಿ. ಅದರ ಆಕರ್ಷಣೆಯ ಬಹುಭಾಗವು ಭೌತಶಾಸ್ತ್ರದ ಕೆಲವು ಸರಳ ನಿಯಮಗಳನ್ನು ಚೆನ್ನಾಗಿ ದುಡಿಸಿಕೊಂಡುದರಲ್ಲಿ ಅಡಗಿತ್ತು. ನಾಲ್ಕು ಉದಾಹರಣೆಗಳನ್ನು ನೋಡೋಣ.

ಮೊದಲನೆಯದು ಎಂಜಿನು. ಪೆಟ್ರೋಲಿನ ಆವಿ ಮತ್ತು ಗಾಳಿಯ ಮಿಶ್ರಣವನ್ನು ಸಿಲಿಂಡರಿನಲ್ಲಿ ಪಿಸ್ಟನ್ನು ಅದುಮುತ್ತದೆ. ಬಳಿಕ ಕಿಡಿ ತಗುಲಿ ಅದು ಉರಿದು ಹಿಗ್ಗಿ ಪಿಸ್ಟನ್ನನ್ನು ತಳ್ಳುತ್ತದೆ. ಮಿಶ್ರಣವನ್ನು ಎಷ್ಟು ಪಾಲಿಗೆ ಕುಗ್ಗಿಸಲಾಯಿತೋ ಅದಕ್ಕೆ ಸಂಪೀಡನ ಪ್ರಮಾಣ ಎನ್ನೋಣ. ಈ ಪ್ರಮಾಣವು ಹೆಚ್ಚಿದಂತೆ ಉರಿದ ಅನಿಲಕ್ಕೆ ಹಿಗ್ಗುವ ಅವಕಾಶವೂ ಹೆಚ್ಚುವುದರಿಂದ, ಉಷ್ಣದ ಹೆಚ್ಚಿನ ಪಾಲು ಕೆಲಸವಾಗಿ ಪರಿವರ್ತನೆ ಹೊಂದುತ್ತದೆ. ಘರ್ಷಣೆ ಮೊದಲಾದ ನಷ್ಟಗಳಿಲ್ಲದ ಆದರ್ಶ ಎಂಜಿನಿನಲ್ಲಿ, ಪ್ರಮಾಣವು 4 ಆದರೆ ದಕ್ಷತೆ ಶೇಕಡಾ 43ರಷ್ಟು, 4.7 ಆದರೆ ಶೇಕಡಾ 46ರಷ್ಟು. ಫೋರ್ಡರ ಪ್ರಸಿದ್ಧ ‘ಟಿ’ ಮಾದರಿಯ ಕಾರಿನಲ್ಲಿ ಇದು ಸುಮಾರು 4 ಆಗಿದ್ದರೆ, ಕ್ರೈಸ್ಲರಿನಲ್ಲಿ 4.7 ಆಗಿತ್ತು. ಜೊತೆಗೆ ಕ್ರೈಸ್ಲರಿನ ಎಂಜಿನು ಬಹಳ ವೇಗವಾಗಿ ತಿರುಗಬಲ್ಲುದಾಗಿತ್ತು. ತಿರುಚುಬಲವನ್ನು ತಿರುಗುವ ವೇಗದಿಂದ ಗುಣಿಸಿದರೆ ಸಾಮರ್ಥ್ಯವು ಸಿಗುತ್ತದೆಯಷ್ಟೆ. ಆದುದರಿಂದಲೇ 2.9 ಲೀಟರಿನ ಫೋರ್ಡ್ ಎಂಜಿನು 20 ಅಶ್ವಶಕ್ತಿಯನ್ನು ಕೊಟ್ಟಲ್ಲಿ, 3.3 ಲೀಟರಿನ ಕ್ರೈಸ್ಲರ್ ಎಂಜಿನು 68 ಅಶ್ವಶಕ್ತಿಯನ್ನು ಕೊಟ್ಟಿತು.

ಎರಡನೆಯದು ಬ್ರೇಕು. ವೇಗವಾಗಿ ಓಡುವ ಬಂಡಿಗೆ ನಿಲ್ಲುವ ಶಕ್ತಿಯೂ ಬೇಡವೆ? ಆ ಕಾಲದ ಬಹುಪಾಲು ಕಾರುಗಳಲ್ಲಿ ಬ್ರೇಕು ಹಿಂದಿನ ಎರಡು ಚಕ್ರಗಳಿಗೆ ಮಾತ್ರ. ಅದೂ ಸರಳು, ತಂತಿಗಳ ಎಳೆತದಿಂದ. ಒಂದು ತಂತಿ ಬಿಗಿಯಾಗಿ ಇನ್ನೊಂದು ಸಡಿಲವಾದರೆ ಕಾರು ಪಕ್ಕಕ್ಕೆ ಜಗ್ಗುವುದು. ಕ್ರೈಸ್ಲರಿನವರು ನಾಲ್ಕು ಚಕ್ರಗಳಿಗೂ ದ್ರವದ ಬ್ರೇಕನ್ನು ಅಳವಡಿಸಿದರು. ಮುಚ್ಚಿದ ದ್ರವದ ಒಂದೆಡೆ ಹಾಕಿದ ಒತ್ತಡವು ಎಲ್ಲೆಡೆಗೂ ಕುಂದಿಲ್ಲದೆ ಹರಡುತ್ತದೆಂಬ ಪಾಸ್ಕಲನ ನಿಯಮವನ್ನು ನೀವು ಪ್ರೌಢಶಾಲೆಯಲ್ಲಿಯೇ ಓದಿದ್ದೀರಿ. ಒಂದು ಚದರ ಸೆಂಟಿಮೀಟರಿನ ಪಿಸ್ಟನ್ನನ್ನು 20 ಕಿಲೋಗ್ರಾಂ ಭಾರದಷ್ಟು ಒತ್ತಿದರೆ, ಚಕ್ರದ ಬಳಿಯ ನಾಲ್ಕು ಚದರ ಸೆಂಟಿಮೀಟರಿನ ಪಿಸ್ಟನ್ನು 80 ಕಿಲೋಗ್ರಾಂ ಭಾರದಷ್ಟು ಬಲವನ್ನು ಬೀರುತ್ತದೆ. ಅದಕ್ಕಿಂತ ಮುಖ್ಯವಾದುದೆಂದರೆ, ದ್ರವವು ಪಕ್ಷಪಾತವನ್ನು ಅರಿಯದು. ಎಡಚಕ್ರಕ್ಕೂ ಬಲಚಕ್ರಕ್ಕೂ ಒತ್ತಡವು ಸಮನಾಗಿ ಮುಟ್ಟುತ್ತದೆ.

ಮೂರನೆಯದು ಅದುರುವಿಕೆಯ ನಿವಾರಣೆ. ಎಂಜಿನಿನೊಳಗಿನ ಒಂದೊಂದು ಸ್ಫೋಟವೂ ಎಂಜಿನನ್ನು ಒಮ್ಮೆ ಓಲಾಡಿಸುತ್ತದೆ. ಅದನ್ನು ಚೌಕಟ್ಟಿಗೆ ಬಿಗಿಯಾಗಿ ಬಂಧಿಸಿದರೆ ಆ ಕಂಪನವೆಲ್ಲ ಕುಳಿತವರ ಮೈಗೆ ಮುಟ್ಟುವುದು. 1931ರ ಪ್ಲಿಮತ್ ಕಾರಿನಲ್ಲಿ ಎಂಜಿನನ್ನು ರಬ್ಬರಿನ ಆಧಾರಗಳ ಮೇಲೆ ಕೂರಿಸಿ, ಓಲಾಟದ ಅಕ್ಷವು ಅದರ ಗುರುತ್ವಕೇಂದ್ರದ ಮೂಲಕ ಹಾಯುವಂತೆ ಮಾಡಲಾಯಿತು. ಎಂಜಿನು ತನ್ನಷ್ಟಕ್ಕೆ ತಾನು ಓಲಾಡುತ್ತಿತ್ತು, ಕಾರು ಶಾಂತವಾಗಿರುತ್ತಿತ್ತು. ಅಡುಗೆಮನೆಯ ಮಿಕ್ಸಿಯ ಅಡಿಯಲ್ಲಿರುವ ರಬ್ಬರಿನ ಪಾದಗಳನ್ನು ತೆಗೆದು ಒಮ್ಮೆ ಓಡಿಸಿದರೆ ಈ ತತ್ತ್ವದ ಬೆಲೆಯು ಯಾರಿಗಾದರೂ ತಿಳಿಯುವುದು.

ನಾಲ್ಕನೆಯದು ಗಾಳಿಯ ತಡೆ. ಓಡುವ ವಸ್ತುವಿಗೆ ಗಾಳಿಯು ಒಡ್ಡುವ ತಡೆಯು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಅದನ್ನು ಮೀರಲು ಬೇಕಾದ ಸಾಮರ್ಥ್ಯವು ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 40 ಕಿಲೋಮೀಟರಿನಿಂದ 80ಕ್ಕೆ ಏರಿದರೆ ಗಾಳಿಯ ತಡೆ ನಾಲ್ಕುಪಟ್ಟು. ಅದಕ್ಕಾಗಿ ವ್ಯಯವಾಗುವ ಸಾಮರ್ಥ್ಯ ಎಂಟುಪಟ್ಟು. ಬ್ರೀಯರನು ವಿಮಾನದ ಜನಕರಲ್ಲೊಬ್ಬನಾದ ಆರ್ವಿಲ್ ರೈಟನ ಸಲಹೆಯನ್ನು ಪಡೆದು ಗಾಳಿಸುರಂಗವೊಂದರಲ್ಲಿ ಕಾರಿನ ಆಕಾರಗಳನ್ನು ಪರೀಕ್ಷಿಸಿದನು. ಅಂದಿನ ಪೆಟ್ಟಿಗೆಯಾಕಾರದ ಕಾರುಗಳು ಮುಂದಕ್ಕೆ ಓಡುವುದಕ್ಕಿಂತ ಹಿಂದುಮುಂದಾಗಿ ಓಡಿದರೇ ಗಾಳಿಯನ್ನು ಸುಲಭವಾಗಿ ಸೀಳುತ್ತವೆಂಬ ವಿನೋದದ ಸಂಗತಿಯು ಆಗ ಹೊರಬಿದ್ದಿತು! ಈ ಪರೀಕ್ಷೆಗಳ ಫಲವಾಗಿ 1934ರಲ್ಲಿ ‘ಏರ್‌ಫ್ಲೋ’ ಎಂಬ ಕಾರು ಬಂದಿತು. ಶಾಸ್ತ್ರವು ಸರಿಯಾಗಿತ್ತು, ಆದರೆ ಗ್ರಾಹಕರ ಕಣ್ಣಿಗೆ ಆ ದುಂಡುಮೂತಿ ಒಗ್ಗಲಿಲ್ಲ. 1937ರ ವೇಳೆಗೆ ಅದರ ತಯಾರಿಕೆಯೇ ನಿಂತಿತು. ಸತ್ಯವನ್ನು ಕಂಡುಹಿಡಿಯುವುದು ಒಂದು ಕೆಲಸ, ಅದನ್ನು ಲೋಕವು ಒಪ್ಪುವಂತೆ ಮಾಡುವುದು ಇನ್ನೊಂದು ಕೆಲಸ.

ಮೈಸೂರಿನ ಕನಸು

ಇತ್ತ ಭಾರತದಲ್ಲಿ ಏನಾಗಿತ್ತು? 1920ರ ದಶಕದಲ್ಲಿಯೇ ಫೋರ್ಡ್ ಮತ್ತು ಜನರಲ್ ಮೋಟಾರ್ಸ್ ಕಂಪೆನಿಗಳು ಮುಂಬಯಿಗೆ ಬಂದಿದ್ದವು. ಆದರೆ ಅಲ್ಲಿ ನಡೆಯುತ್ತಿದ್ದುದು ತಯಾರಿಕೆಯಲ್ಲ, ಜೋಡಣೆ. ಭಾಗಗಳೆಲ್ಲ ಹಡಗಿನಲ್ಲಿ ಬರುತ್ತಿದ್ದವು. ನಮ್ಮವರು ಅವುಗಳನ್ನು ಕೂಡಿಸುತ್ತಿದ್ದರು. ಈ ಭೇದವನ್ನು ಸ್ಪಷ್ಟವಾಗಿ ಕಂಡವರಲ್ಲಿ ಮೈಸೂರಿನ ಮಾಜಿ ದಿವಾನರಾದ ಸರ್ ಎಂ. ವಿಶ್ವೇಶ್ವರಯ್ಯನವರು ಪ್ರಮುಖರು. ಎಪ್ಪತ್ತು ದಾಟಿದ ವಯಸ್ಸಿನಲ್ಲಿ, 1935ರಲ್ಲಿ, ಅವರು ಯೂರೋಪು ಅಮೆರಿಕಗಳಿಗೆ ಪ್ರಯಾಣಮಾಡಿ ಮೋಟಾರು ಕಾರ್ಖಾನೆಗಳನ್ನು ಕಣ್ಣಾರೆ ಕಂಡು, ಭಾರತದಲ್ಲಿಯೇ ಕಾರು ತಯಾರಿಸುವ ಯೋಜನೆಯೊಂದನ್ನು ಸಿದ್ಧಗೊಳಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದರು ಅದಕ್ಕೆ ಹೆಗಲು ಕೊಟ್ಟರು. ಅವರು ಅಮೆರಿಕಕ್ಕೆ ಹೋದಾಗ ಇತರ ಕಂಪೆನಿಗಳು ಹಿಂಜರಿದಲ್ಲಿ, ಒಪ್ಪಿಕೊಂಡುದು ಕ್ರೈಸ್ಲರ್ ಕಂಪೆನಿ. ಮೈಸೂರು ಸರ್ಕಾರವೂ ಯೋಜನೆಯಲ್ಲಿ ಆಸಕ್ತಿ ತಳೆದಿತ್ತು. ಆದರೆ ಎರಡನೆಯ ಮಹಾಯುದ್ಧದ ಆ ದಿನಗಳಲ್ಲಿ, ಇದು ಯುದ್ಧಕ್ಕೆ ಅವಶ್ಯವಾದ ಉದ್ಯಮವೆಂದು ಒಪ್ಪಲು ಬ್ರಿಟಿಷ್ ಭಾರತ ಸರ್ಕಾರವು ಸಿದ್ಧವಿರಲಿಲ್ಲ. ಮೈಸೂರಿನ ನೆಲದಲ್ಲಿ ಕಾರು ಹುಟ್ಟಲಿಲ್ಲ.

ಆದರೆ ಆ ಪ್ರಯತ್ನವು ವ್ಯರ್ಥವಾಗಲಿಲ್ಲ. ಕಾರಿನ ಕೆಲಸಕ್ಕಾಗಿ ಅಮೆರಿಕಕ್ಕೆ ಹೋಗಿದ್ದ ವಾಲ್‌ಚಂದರಿಗೆ ಹಿಂದಿರುಗುವ ವಿಮಾನದಲ್ಲಿ, ಚೀನಾದಲ್ಲಿ ವಿಮಾನ ಕಾರ್ಖಾನೆಯನ್ನು ನಡೆಸುತ್ತಿದ್ದ ವಿಲಿಯಂ ಪಾಲಿ ಎಂಬ ಅಮೆರಿಕನ್ನನ ಪರಿಚಯವಾಯಿತು. ಮಾತಿಗೆ ಮಾತು ಬೆಳೆದು, ಭಾರತದಲ್ಲಿಯೂ ವಿಮಾನ ಕಾರ್ಖಾನೆ ಏಕಾಗಬಾರದೆಂಬ ಆಲೋಚನೆ ಮೊಳೆಯಿತು. ದಿವಾನ್ ಮಿರ್ಜಾ ಇಸ್ಮಾಯಿಲರ ಮೈಸೂರು ಸರ್ಕಾರವು ಜಮೀನನ್ನೂ ಬಂಡವಾಳವನ್ನೂ ನೀಡಿತು. 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪೆನಿಯು ಸ್ಥಾಪಿತವಾಯಿತು. 1964ರಲ್ಲಿ ಅದೇ ಎಚ್.ಎ.ಎಲ್. ಆಯಿತು.

ಕಾರಿನ ಯೋಜನೆಯೂ ಮುಂಬಯಿಯಲ್ಲಿ ಫಲಿಸಿತು. ವಾಲ್‌ಚಂದರು 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪೆನಿಯನ್ನು ಸ್ಥಾಪಿಸಿದರು. ಆ ದಶಕವು ಮುಗಿಯುವ ಮುನ್ನವೇ ಕುರ್ಲಾದ ಕಾರ್ಖಾನೆಯಿಂದ ಕ್ರೈಸ್ಲರ್ ಮನೆತನದ ಡಾಡ್ಜ್ ಲಾರಿಗಳೂ ಪ್ಲಿಮತ್ ಕಾರುಗಳೂ ಹೊರಬಂದವು. ತಯಾರಿಕೆಯ ಯೋಜನೆಯಿಲ್ಲದೆ ಬರಿಯ ಜೋಡಣೆ ಮಾಡುವವರಿಗೆ ಅವಕಾಶವಿಲ್ಲವೆಂದು ಭಾರತ ಸರ್ಕಾರವು 1953ರಲ್ಲಿ ತೀರ್ಮಾನಿಸಲು, ಫೋರ್ಡ್ ಮತ್ತು ಜನರಲ್ ಮೋಟಾರ್ಸ್ ಕಂಪೆನಿಗಳು ಇಲ್ಲಿಯ ಕೆಲಸವನ್ನು ಮುಚ್ಚಿ ಹೊರಟವು, ಪ್ರೀಮಿಯರ್ ಉಳಿಯಿತು. ಅದೇ ಪ್ರೀಮಿಯರ್ ಮುಂದೆ ಇಟಲಿಯ ಫಿಯಟ್ ಕಾರನ್ನೂ ತಯಾರಿಸಿ, ಅದನ್ನು ‘ಪದ್ಮಿನಿ’ ಎಂಬ ಹೆಸರಿನಿಂದ ಮನೆಮಾತಾಗಿಸಿತು. ಕಾಲದ ವಿಚಿತ್ರವನ್ನು ನೋಡಿ: 2009ರಲ್ಲಿ ಕ್ರೈಸ್ಲರ್ ಕಂಪೆನಿಯು ದಿವಾಳಿಯಾದಾಗ ಅದನ್ನು ಎತ್ತಿಹಿಡಿದುದು ಫಿಯಟ್! ಕುರ್ಲಾದಲ್ಲಿ ಒಂದೇ ಸೂರಿನಡಿ ಸೇರಿದ್ದ ಎರಡು ಹೆಸರುಗಳು ಅರ್ಧ ಶತಮಾನದ ತರುವಾಯ ಒಂದೇ ಸಂಸ್ಥೆಯಾದವು. 2021ರಿಂದ ಕ್ರೈಸ್ಲರ್ ಎಂಬುದು ಸ್ಟೆಲ್ಲಾಂಟಿಸ್ ಎಂಬ ಬೃಹತ್ ಸಂಸ್ಥೆಯ ಅನೇಕ ಹೆಸರುಗಳಲ್ಲೊಂದು. ಡಿಸೋಟೊ 1960ರಲ್ಲಿಯೂ ಪ್ಲಿಮತ್ 2001ರಲ್ಲಿಯೂ ಕೊನೆಗೊಂಡವು.

ಗುಬ್ಬಿಯ ರೆಕ್ಕೆ

ಗುಬ್ಬಿ ಎಂದರೆ ಕನ್ನಡಿಗರಿಗೆ ವೀರಣ್ಣನವರ ನಾಟಕದ ಕಂಪೆನಿ ನೆನಪಾಗುವುದು ಸಹಜ. ಈಗ ಅಲ್ಲಿ ಬೇರೊಂದು ಬಗೆಯ ಕಂಪೆನಿಯೂ ಬೀಡುಬಿಟ್ಟಿದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆ ನೆಲದಲ್ಲಿ, 2016ರಲ್ಲಿ ಶಂಕುಸ್ಥಾಪನೆಯಾದ ಎಚ್.ಎ.ಎಲ್. ಹೆಲಿಕಾಪ್ಟರ್ ಕಾರ್ಖಾನೆಯು 2023ರ ಫೆಬ್ರವರಿ 6ರಂದು ಉದ್ಘಾಟನೆಗೊಂಡಿತು. ಮೂರು ಟನ್ ವರ್ಗದ, ಒಂದೇ ಎಂಜಿನಿನ ಹಗುರ ಹೆಲಿಕಾಪ್ಟರಿನಿಂದ ಅಲ್ಲಿಯ ಕೆಲಸವನ್ನು ಮೊದಲುಮಾಡುವುದು, ವರ್ಷಕ್ಕೆ 30ರಂತೆ ಆರಂಭಿಸಿ ಕ್ರಮೇಣ ಹೆಚ್ಚಿಸುವುದು ಯೋಜನೆ.

ಕ್ರೈಸ್ಲರ್ ಕಂಪೆನಿಯೇ ಇದಕ್ಕೆ ಕಾರಣವೆಂದರೆ ಅತಿಶಯೋಕ್ತಿಯಾದೀತು. ಆದರೆ ಕಾರನ್ನು ಅರಸಿ ಹೊರಟ ಪ್ರಯಾಣವೊಂದು ವಿಮಾನದ ಕಾರ್ಖಾನೆಗೆ ದಾರಿ ತೋರಿಸಿದುದೂ, ಆ ಕಾರ್ಖಾನೆಯ ಕುಡಿಯೊಂದು ಎಂಬತ್ತು ವರ್ಷಗಳ ಮೇಲೆ ನಮ್ಮ ಜಿಲ್ಲೆಯಲ್ಲಿ ಬೇರೂರಿದುದೂ ನಿಜ. ಒತ್ತಡ, ಕಂಪನ, ಗಾಳಿಯ ತಡೆ, ಉಷ್ಣದ ದಕ್ಷತೆ ಎಂದು ನಾವು ಕಾರಿನಲ್ಲಿ ಕಂಡ ಪ್ರಶ್ನೆಗಳೇ ಹೆಲಿಕಾಪ್ಟರಿನಲ್ಲಿ ಇನ್ನೂ ಕಠಿನವಾಗಿ ಎದುರಾಗುತ್ತವೆ; ಕಾರಿನಲ್ಲಿ ಕುಳಿತವರ ಸುಖಕ್ಕೆ ಭಂಗ ತರುವ ಕಂಪನವು ಅಲ್ಲಿ ಲೋಹವನ್ನೇ ದಣಿಸಿ ಮುರಿಯಬಲ್ಲುದು.

ಅಂತಹ ಕಾರ್ಖಾನೆಗೆ ಕಟ್ಟಡವನ್ನು ಹಣದಿಂದ ಎಬ್ಬಿಸಬಹುದು, ಯಂತ್ರಗಳನ್ನು ಹೊರಗಿನಿಂದ ತರಿಸಬಹುದು. ಆದರೆ ಬಂದ ಭಾಗಗಳನ್ನು ಕೂಡಿಸುವ ಕೈಗೂ, ಆ ಭಾಗವು ಹಾಗೆಯೇ ಏಕಿರಬೇಕೆಂದು ಕೇಳುವ ಬುದ್ಧಿಗೂ ಇರುವ ಅಂತರವೇ ಜೋಡಣೆಗೂ ತಯಾರಿಕೆಗೂ ಇರುವ ಅಂತರ. ವಿಶ್ವೇಶ್ವರಯ್ಯನವರು ಚಿಂತಿಸಿದುದು ಈ ಅಂತರವನ್ನು ಕುರಿತೇ. ತುಮಕೂರು, ಗುಬ್ಬಿ, ಕುಣಿಗಲ್‌ಗಳ ಕಾಲೇಜುಗಳಲ್ಲಿ ಪಾಸ್ಕಲನ ನಿಯಮವನ್ನು ಕಂಠಪಾಠ ಮಾಡುತ್ತಿರುವ ವಿದ್ಯಾರ್ಥಿಗಳು, ಬಳಿಯ ಗ್ಯಾರೇಜಿಗೆ ಹೋಗಿ ಮೇಸ್ತ್ರಿಯ ಅನುಮತಿ ಪಡೆದು, ಬಿಚ್ಚಿಟ್ಟ ಬ್ರೇಕಿನ ಪಿಸ್ಟನ್ನುಗಳೆರಡನ್ನು ಅಳತೆಮಾಡಿ ನೋಡಲಿ. ದೊಡ್ಡದರ ವಿಸ್ತೀರ್ಣವನ್ನು ಚಿಕ್ಕದರಿಂದ ಭಾಗಿಸಿದಾಗ ಬರುವ ಸಂಖ್ಯೆಯು ಪುಸ್ತಕದ ನಿಯಮಕ್ಕೆ ಜೀವ ತುಂಬುವುದು.