ಮನೆಯೇ ಸ್ಟುಡಿಯೋ ಆದಾಗ

ಪ್ರತಿವರ್ಷ ವೈರಮುಡಿ ಉತ್ಸವದ ದಿನ, ಮೇಲುಕೋಟೆಯ ಚೆಲುವನಾರಾಯಣಸ್ವಾಮಿಯ ವೈರಮುಡಿ, ರಾಜಮುಡಿ ಕಿರೀಟಗಳು ಮಂಡ್ಯದ ಜಿಲ್ಲಾ ಖಜಾನೆಯಿಂದ ಹೊರಡುತ್ತವೆ. ಪೊಲೀಸ್ ಕಾವಲಿನಲ್ಲಿ ಶ್ರೀರಂಗಪಟ್ಟಣ, ಪಾಂಡವಪುರಗಳನ್ನು ಹಾದು ಬೆಟ್ಟ ಸೇರುತ್ತವೆ. ಅಲ್ಲಿ ಮೊದಲು ನಡೆಯುವುದು ಪರ್ಕಾವಣೆ. ಸಂಬಂಧಪಟ್ಟವರ ಸಮ್ಮುಖದಲ್ಲಿ ಒಡವೆಗಳ ಪರಿಶೀಲನೆಯಾದ ಮೇಲೆಯೇ ಕಿರೀಟಧಾರಣೆ. ಉತ್ಸವ ಮುಗಿದ ಬಳಿಕ ಪುನಃ ಖಜಾನೆ. ಬೀಗವೊಂದನ್ನೇ ನಂಬದೆ, ಯಾವ ವಸ್ತು ಎಲ್ಲಿದೆ, ಯಾರ ಕೈಯಲ್ಲಿದೆ, ಹೇಗಿದೆ ಎಂದು ಪ್ರತಿ ಸಲವೂ ನೋಡುವ ಪದ್ಧತಿ ಇದು.

ಆ ರಾತ್ರಿ ಉತ್ಸವದ ಚಿತ್ರ ತೆಗೆಯಲು ಬರುವ ತರುಣ ಛಾಯಾಗ್ರಾಹಕರಿಗೂ ಇದರಲ್ಲಿ ಪಾಠವಿದೆ. ರಂಗನತಿಟ್ಟಿನ ಹಕ್ಕಿಗಳು, ಹೊಸಹೊಳಲಿನ ಲಕ್ಷ್ಮೀನಾರಾಯಣ ದೇಗುಲ, ನಾಗಮಂಗಲದ ಸೌಮ್ಯಕೇಶವ ದೇಗುಲ — ಈ ಸೀಮೆಯಲ್ಲಿ ಕ್ಯಾಮೆರಾ ಹಿಡಿದವರಿಗೆ ನೋಟಗಳ ಕೊರತೆಯಿಲ್ಲ. ಆದರೆ ಹೊಟ್ಟೆ ತುಂಬಿಸುವುದು ಮದುವೆ, ನಾಮಕರಣ, ಪಾಸ್‌ಪೋರ್ಟ್ ಅಳತೆಯ ಭಾವಚಿತ್ರ. ಅಂಗಡಿ ಬಾಡಿಗೆ ಕಟ್ಟಲಾಗದವರಿಗೆ ಮನೆಯ ಮುಂದಿನ ಕೋಣೆಯೇ ಸ್ಟುಡಿಯೋ. ಸಾಲ ಮಾಡಿ ಕೊಂಡ ಕ್ಯಾಮೆರಾ ಹೋದರೆ, ಕರೆಯುವ ಹಸು ಸತ್ತಂತೆ: ಸಾಲ ಉಳಿಯುತ್ತದೆ, ವರಮಾನ ನಿಲ್ಲುತ್ತದೆ.

ಎರಡು ಕೋಣೆ, ಎರಡು ಲೆಕ್ಕ

ಗಿರಾಕಿಗಳ ಓಡಾಟ ಮುಂದಿನ ಕೋಣೆಗೇ ಮುಗಿಯಬೇಕು. ಮನೆಯ ಒಡವೆ, ಹಣ, ಪತ್ರಗಳಿರುವ ಬೀರು ಅವರ ಕಣ್ಣಿಗೆ ಬೀಳಬಾರದು. ಉಪಕರಣಗಳ ಕಪಾಟನ್ನು ಗೋಡೆಗೆ ಬೋಲ್ಟ್ ಹಾಕಿ ಬಿಗಿದರೆ ಹೊತ್ತೊಯ್ಯುವುದು ಸುಲಭವಲ್ಲ. ಬಾಗಿಲ ಮೇಲಿನ ಗೂಡಿನಲ್ಲಿ ಬೀಗದ ಕೈ ಇಡುವ ಅಭ್ಯಾಸವನ್ನು ಬಿಡಬೇಕು. ಚಿತ್ರಕ್ಕಾಗಿ ಗಿರಾಕಿ ಕಳಚಿಟ್ಟ ಸರ, ಬಳೆಗಳು ಅವರ ಕಣ್ಣೆದುರಿನ ತಟ್ಟೆಯಲ್ಲೇ ಇರಲಿ.

ಪ್ರತಿ ಕ್ಯಾಮೆರಾ, ಲೆನ್ಸಿನ ಮೇಲೆ ಕ್ರಮಸಂಖ್ಯೆ ಇರುತ್ತದೆ. ಅದನ್ನು, ಕೊಂಡ ದಿನ ಮತ್ತು ಬೆಲೆಯೊಂದಿಗೆ ಒಂದು ನೋಟ್ ಪುಸ್ತಕದಲ್ಲಿ ಬರೆದು, ರಸೀತಿಯ ನಕಲನ್ನು ಬಂಧುಗಳ ಮನೆಯಲ್ಲೂ ಇಡಬೇಕು. ಕಳವಾದಾಗ 'ಕಪ್ಪು ಬಣ್ಣದ ಕ್ಯಾಮೆರಾ' ಎಂದರೆ ಪೊಲೀಸರು ಹುಡುಕುವುದಾದರೂ ಹೇಗೆ? ಮನೆಯ ವಿಮೆಯಿದ್ದರೆ, ದುಡಿಮೆಯ ಉಪಕರಣಗಳೂ ಅದರಲ್ಲಿ ಸೇರಿವೆಯೇ ಎಂಬುದನ್ನು ಬರವಣಿಗೆಯಲ್ಲೇ ಕೇಳಿ ತಿಳಿಯುವುದು ಒಳ್ಳೆಯದು.

ಬೀಗದೊಳಗಿನ ಕಳ್ಳ

ಬೀಗ ಮುರಿಯದೆಯೇ ಒಳಸೇರುವ ಕಳ್ಳನೊಬ್ಬನಿದ್ದಾನೆ: ಬೂಷ್ಟು. ಕಾವೇರಿ, ಹೇಮಾವತಿ ನಾಲೆಗಳ ಬಯಲಿನಲ್ಲಿ ಮಳೆಗಾಲದ ಗಾಳಿ ತೇವದಿಂದ ತುಂಬಿರುತ್ತದೆ. ಸಾಪೇಕ್ಷ ಆರ್ದ್ರತೆ ಹಲವು ದಿನ ಶೇ. 60ಕ್ಕಿಂತ ಮೇಲಿದ್ದರೆ ಲೆನ್ಸಿನ ಮೇಲಿನ ಬೂಷ್ಟಿನ ಬೀಜಕಣಗಳು ಚಿಗುರಬಹುದು. ಅವು ಸ್ರವಿಸುವ ಆಮ್ಲ ಗಾಜಿನ ಲೇಪನವನ್ನು ತಿನ್ನುತ್ತದೆ. ಆಮೇಲೆ ಒರೆಸಿದರೂ ಕಲೆ ಉಳಿಯಬಹುದು. ಚರ್ಮದ ಚೀಲ ತೇವವನ್ನು ಹಿಡಿದಿಡುವುದರಿಂದ ಅದರಲ್ಲಿಟ್ಟು ಮರೆಯಬಾರದು. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್ ಪೊಟ್ಟಣ, ಪುಟ್ಟದೊಂದು ಆರ್ದ್ರತಾಮಾಪಕ ಇದ್ದರೆ ಸಾಕು. ಸಿಲಿಕಾ ಜೆಲ್ಲಿನ ಅಸಂಖ್ಯ ಸೂಕ್ಷ್ಮ ರಂಧ್ರಗಳ ಮೇಲ್ಮೈಗೆ ನೀರಿನ ಅಣುಗಳು ಅಂಟಿಕೊಳ್ಳುತ್ತವೆ. ಬಣ್ಣ ಬದಲಿಸುವ ಬಗೆಯದಾದರೆ ತುಂಬಿದ್ದನ್ನು ತಾನೇ ತಿಳಿಸುತ್ತದೆ. ಹದವಾಗಿ ಬಿಸಿಮಾಡಿ ಮತ್ತೆ ಬಳಸಬಹುದು. ಡಬ್ಬಿಯೊಳಗಿನ ಆರ್ದ್ರತೆ ಶೇ. 40ರಿಂದ 50ರ ನಡುವೆ ಇರುವುದು ಕ್ಷೇಮ.

ಚಿತ್ರ ಹೇಳುವ ಗುಟ್ಟು

ಮೊಬೈಲಿನಲ್ಲಿ ತೆಗೆದ ಚಿತ್ರದೊಳಗೆ ದಿನ, ಸಮಯದ ಜತೆಗೆ ತೆಗೆದ ಸ್ಥಳದ ಅಕ್ಷಾಂಶ, ರೇಖಾಂಶಗಳೂ ಅಡಗಿರಬಹುದು. ಹೊಸ ಕ್ಯಾಮೆರಾದ ಚಿತ್ರವನ್ನು ಹೆಮ್ಮೆಯಿಂದ ಹಂಚಿಕೊಂಡವರು ಅದರೊಂದಿಗೆ ಮನೆಯ ದಾರಿಯನ್ನೂ ತೋರಿಸಿರಬಹುದು. ಸ್ಥಳ ದಾಖಲಿಸುವ ಸೌಲಭ್ಯವನ್ನು ನಿಲ್ಲಿಸಿಡಬೇಕು. ಮನೆಮಂದಿಯೆಲ್ಲ ಊರಿಗೆ ಹೋದ ಸುದ್ದಿಯನ್ನು ಮರಳಿ ಬಂದ ಮೇಲೆ ತಿಳಿಸಿದರಾಯಿತು.

ಮತ್ತೆ ಸಿಗದ ಸೊತ್ತು

ಇಷ್ಟಾದರೂ ಸ್ಟುಡಿಯೋದ ನಿಜವಾದ ಸೊತ್ತು ಕ್ಯಾಮೆರಾ ಅಲ್ಲ, ಚಿತ್ರ. ಹೈದರಾಬಾದಿನ ನಿಜಾಮರ ಆಸ್ಥಾನ ಛಾಯಾಗ್ರಾಹಕ ರಾಜಾ ದೀನ್ ದಯಾಳ್ ತೀರಿಕೊಂಡದ್ದು 1905ರಲ್ಲಿ. ಅವರ 2,857 ಗಾಜಿನ ನೆಗೆಟಿವ್‌ಗಳನ್ನು ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರ ಪಡೆದುಕೊಂಡದ್ದು 1989ರಲ್ಲಿ. ಬಿದ್ದರೆ ಒಡೆಯುವ ಗಾಜು ಅಷ್ಟು ಕಾಲ ಉಳಿದದ್ದರಿಂದಲೇ ಆ ಕಾಲದ ಮುಖಗಳು ಇಂದಿಗೂ ಕಾಣಸಿಗುತ್ತವೆ.

ಕ್ಯಾಮೆರಾ ಮತ್ತೆ ಕೊಳ್ಳಬಹುದು. ಮುಹೂರ್ತ ಮತ್ತೆ ಬಾರದು. ಆದ್ದರಿಂದ ಮದುವೆಯ ಚಿತ್ರಗಳ ಮೂರು ಪ್ರತಿಗಳಿರಲಿ: ಕಂಪ್ಯೂಟರಿನಲ್ಲಿ ಒಂದು, ಬೇರೆ ಹಾರ್ಡ್ ಡಿಸ್ಕಿನಲ್ಲಿ ಒಂದು, ಬೇರೊಂದು ಮನೆಯಲ್ಲಿ ಮತ್ತೊಂದು. ಪ್ರತಿ ಮಾಡಿದರಷ್ಟೇ ಸಾಲದು, ಆಗಾಗ ತೆರೆದು ನೋಡಬೇಕು. ಅದನ್ನು ನೋಡುವವರೆಗೂ ಮೆಮೊರಿ ಕಾರ್ಡನ್ನು ಅಳಿಸಬಾರದು.

ಭಾನುವಾರ ಬೆಳಿಗ್ಗೆ ಅರ್ಧ ಗಂಟೆ ಸಾಕು. ಅಣ್ಣ ಒಂದೊಂದೇ ಉಪಕರಣ ತೆಗೆದಿಡಲಿ, ಶಾಲೆಗೆ ಹೋಗುವ ತಂಗಿ ಪುಸ್ತಕ ಹಿಡಿದು ಗುರುತು ಹಾಕಲಿ, ತಂದೆತಾಯಿ ಜತೆಗಿರಲಿ. ಸಾಲದ ಕಂತು ಕಟ್ಟುವ ಮನೆಗೆ ಅದೇ ಪರ್ಕಾವಣೆ.