ಸ್ಟಾರ್ಟ್ ಆದರೆ ಸಾಲದು!

ನಮ್ಮ ಮನೆಯ ಮಾರುತಿ 800 ನನಗಿಂತ ಎಂಟು ವರ್ಷ ದೊಡ್ಡದು. 1997ರ ಮಾಡೆಲ್. ನಾನು ಮೆಕ್ಯಾನಿಕಲ್ ಬಿಇ ಸೇರಿದಾಗಿನಿಂದ ಊರಿನವರದು ಒಂದೇ ಪ್ರಶ್ನೆ, ‘ಹಂಗಾದ್ರೆ ಅಪ್ಪನ ಕಾರು ನೀನೇ ರಿಪೇರಿ ಮಾಡ್ತೀಯಾ?’ ಕಳೆದ ಆಷಾಢದವರೆಗೆ ಧೈರ್ಯವಾಗಿ ‘ಹೂಂ’ ಅನ್ನುತ್ತಿದ್ದೆ.

ಕೊಪ್ಪ–ಶೃಂಗೇರಿ ರಸ್ತೆಯಿಂದ ಮೂರು ಕಿ.ಮೀ. ಒಳಗೆ ನಮ್ಮ ಮನೆ. 2020ರಲ್ಲಿ ಕೊಪ್ಪದ ಸಹಕಾರ ಸಾರಿಗೆ ಬಸ್ಸುಗಳು ನಿಂತ ಮೇಲೆ ಬಸ್ಸು, ಆಂಬುಲೆನ್ಸ್ ಎಲ್ಲವೂ ಆ ಕಾರೇ. ಮಳೆ ಸುರಿಯುತ್ತಿದ್ದ ಆ ರಾತ್ರಿ ಅಜ್ಜಿಗೆ ಉಸಿರಾಡಲು ಕಷ್ಟವಾಯಿತು. ಕೀ ತಿರುಗಿಸಿದರೆ ಸ್ಟಾರ್ಟರ್ ತಿರುಗುತ್ತದೆ, ಇಂಜಿನ್ ಹಿಡಿಯುವುದಿಲ್ಲ. ನಾನು ಟಾರ್ಚ್ ಹಿಡಿದು ಕಾರ್ಬ್ಯುರೇಟರ್ ಬಿಚ್ಚಲು ಹೊರಟೆ. ಅರ್ಧ ಗಂಟೆ ಹೋಯಿತು. ಕೊನೆಗೆ ಪಕ್ಕದ ಮನೆಯವರ ಜೀಪಿನಲ್ಲಿ ಅಜ್ಜಿಯನ್ನು ಕೊಪ್ಪಕ್ಕೆ ಕರೆದೊಯ್ದೆವು. ಅಜ್ಜಿ ಹುಷಾರಾದರು. ನನಗೆ ಮಾತ್ರ ಆ ಅರ್ಧ ಗಂಟೆ ಮರೆಯುವುದಿಲ್ಲ.

ಮರುದಿನ ನರಸಿಂಹರಾಜಪುರದಿಂದ ಹಳೆಯ ಮೆಕ್ಯಾನಿಕ್ ಒಬ್ಬರು ಬಂದರು. ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದರು. ಒಳಗೆಲ್ಲ ತೇವ. ಒಣ ಬಟ್ಟೆಯಲ್ಲಿ ಒರೆಸಿ ಹಾಕಿದರು, ಇಂಜಿನ್ ಹಿಡಿಯಿತು! ತೇವದಿಂದಾಗಿ ಕರೆಂಟು ಅಡ್ಡದಾರಿ ಹಿಡಿದು ಪ್ಲಗ್‌ನಲ್ಲಿ ಕಿಡಿಯೇ ಬರುತ್ತಿರಲಿಲ್ಲ. ‘ಸ್ಪಾರ್ಕ್ ನೋಡದೆ ಪೆಟ್ರೋಲಿಗೆ ಯಾಕೆ ಕೈ ಹಾಕ್ದೆ ಮಾರಾಯ?’ ಎಂದರು. ಇದೇ ಪಾಠವನ್ನು ಪರೀಕ್ಷೆಯಲ್ಲಿ ಚಿತ್ರ ಸಮೇತ ಬರೆದು ಅಂಕ ಪಡೆದವನು ನಾನು!

ಅವರು ಇನ್ನೂ ತೋರಿಸಿದರು. ಮ್ಯಾಟ್ ಎತ್ತಿದರೆ ಕೆಳಗೆ ತುಕ್ಕು. ಬಾನೆಟ್ ಒಳಗೆ ಇಲಿ ಕಡಿದ ವೈರು. ಬಿರುಕು ಬಿಟ್ಟ ಪೆಟ್ರೋಲ್ ಪೈಪು. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ. ಅದು ನೀರಿನ ಅಂಶವನ್ನು ಹೀರುತ್ತದೆ, ಹಳೆಯ ರಬ್ಬರನ್ನು ಹಾಳು ಮಾಡುತ್ತದೆ. ಮಲೆನಾಡಿನ ಮಳೆಯಲ್ಲಿ ತಿಂಗಳುಗಟ್ಟಲೆ ನಿಂತ ಕಾರಿಗೆ ಇದು ಇನ್ನೂ ಕಷ್ಟ. ಮಾರುತಿ 800 ತಯಾರಿಕೆ 2014ರ ಜನವರಿಯಲ್ಲೇ ನಿಂತಿದೆ. ಸಾಮಾನ್ಯ ಬಿಡಿಭಾಗ ಈಗಲೂ ಸಿಗುತ್ತವೆ. ಒಳ್ಳೆಯ ಕಾರ್ಬ್ಯುರೇಟರ್ ಕಿಟ್‌ಗೆ ಮಾತ್ರ ನಾನು ಶಿವಮೊಗ್ಗದಲ್ಲಿ ನಾಲ್ಕು ಅಂಗಡಿ ಸುತ್ತಿದೆ.

ಖರ್ಚೂ ಇದೆ. 15 ವರ್ಷ ದಾಟಿದ ಕಾರಿನ ಆರ್‌ಸಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 600 ರೂಪಾಯಿ ಇದ್ದದ್ದು 5,000 ಆಯಿತು. ‘ಮಾರಿಬಿಡೋಣ’ ಎಂದರೆ ಅಪ್ಪ, ‘ಬರೋ ದುಡ್ಡಿಗೆ ಬೈಕೂ ಸಿಗಲ್ಲ’ ಎನ್ನುತ್ತಾರೆ.

ಈಗ ನನ್ನ ಬಳಿ ಒಂದು ನೋಟ್‌ಬುಕ್ ಇದೆ. ರಜೆಗೆ ಊರಿಗೆ ಬಂದಾಗಲೆಲ್ಲ ಆಯಿಲ್, ಕೂಲಂಟ್, ಬ್ರೇಕ್ ಆಯಿಲ್, ಫ್ಯಾನ್ ಬೆಲ್ಟ್, ಬ್ಯಾಟರಿ ಟರ್ಮಿನಲ್, ವೈರು ನೋಡಿ ದಿನಾಂಕ ಹಾಕುತ್ತೇನೆ. ನಾನಿಲ್ಲದಾಗ ವಾರಕ್ಕೊಮ್ಮೆ ಅಪ್ಪ ಹರಿಹರಪುರದವರೆಗೆ ಓಡಿಸಿ ಬರುತ್ತಾರೆ. ಬ್ರೇಕ್ ವಿಷಯದಲ್ಲಿ ರಾಜಿ ಇಲ್ಲ. ಚಾಸಿಗೆ ತುಕ್ಕು ಹಿಡಿದ ದಿನ ಕಾರನ್ನು ಬಿಡಲೇಬೇಕು ಎಂದೂ ಮಾತಾಡಿಕೊಂಡಿದ್ದೇವೆ.

ಹಳೆಯ ಕಾರು ಕೆಟ್ಟ ಮೇಲೆ ಸರಿ ಮಾಡುವುದು ರಿಪೇರಿ. ಕೆಡುವ ಮೊದಲೇ ನೋಡಿದರಷ್ಟೇ ಅದನ್ನು ನಂಬಿ ರಾತ್ರಿ ಹೊರಡಬಹುದು. ತಿಂಗಳ ಚೆಕಪ್‌ಗೆ ಹೊರಟಾಗ ಅಜ್ಜಿ ಈಗಲೂ ಕೇಳುತ್ತಾರೆ, ‘ಇದು ಹೊರಡ್ತದೇನೋ?’ ಬೆಳಿಗ್ಗೆಯೇ ಬಾನೆಟ್ ತೆರೆದು ನೋಡಿದ್ದರೆ ಮಾತ್ರ ನಾನು ‘ಹೂಂ ಅಜ್ಜಿ’ ಎನ್ನುತ್ತೇನೆ.