ನಿಮಗಿದು ಗೊತ್ತೆ? ವೃತ್ತಿಪರರನ್ನು ಮಣಿಸಿದ ಹವ್ಯಾಸಿಗಳು

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಜಾತ್ರೆಗಳಲ್ಲಿ ಕುಸ್ತಿ ಕಣಕ್ಕಿಳಿದವನನ್ನು ‘ಇದೇ ನಿನ್ನ ಕಸುಬೇನು?’ ಎಂದು ಯಾರೂ ಕೇಳುವುದಿಲ್ಲ. ಗೆದ್ದವನ ಕೈಗೆ ಬೆಳ್ಳಿ ಕಡಗ. ಗಾಲ್ಫ್‌ನಲ್ಲಿ ಹಾಗಲ್ಲ. ಅಲ್ಲಿ ಹಣಕ್ಕೆ ಆಡುವ ವೃತ್ತಿಪರರೇ ಬೇರೆ, ಹವ್ಯಾಸಿಗಳೇ ಬೇರೆ. ವೃತ್ತಿಪರ ಟೂರ್ನಿ ಗೆದ್ದರೂ ಹವ್ಯಾಸಿಗೆ ಬಹುಮಾನದ ಹಣ ಸಿಗದು.

ಈ ಎರಡು ಬಣಗಳ ನಡುವೆ ಬ್ರಿಟನ್ನಿನಲ್ಲಿ 1956ರಿಂದ 1960ರವರೆಗೆ ವರ್ಷಕ್ಕೊಮ್ಮೆ ತಂಡ ಪಂದ್ಯ ನಡೆಯುತ್ತಿತ್ತು. ಐದರಲ್ಲಿ ನಾಲ್ಕು ಗೆಲುವು ವೃತ್ತಿಪರರದು. 1958ರಲ್ಲಿ ಮಾತ್ರ ಹವ್ಯಾಸಿಗಳು ಮೇಲುಗೈ ಸಾಧಿಸಿದರು.

ನಮ್ಮ ದೇಶದಲ್ಲೂ ಇಂಥ ಸಾಹಸ ನಡೆದಿದೆ. 1965ರ ಇಂಡಿಯನ್ ಓಪನ್ ಗೆದ್ದ ಪಿ.ಜಿ. ಸೇಠಿ ಹವ್ಯಾಸಿ ಆಟಗಾರ. ಕನ್ನಡ ನಾಡಿನ ಕಥೆಯಂತೂ ಇನ್ನೂ ಸೊಗಸು. ಬೆಂಗಳೂರಿನ ಅದಿತಿ ಅಶೋಕ್ 2011ರಲ್ಲಿ, ಬರೀ 13ನೇ ವಯಸ್ಸಿನಲ್ಲಿ, ವೃತ್ತಿಪರ ಮಹಿಳೆಯರನ್ನು ಹಿಂದಿಕ್ಕಿ ದೇಶೀ ಟೂರ್‌ನ ಟೂರ್ನಿಯೊಂದನ್ನು ಗೆದ್ದರು. ಆಗಿನ್ನೂ ಶಾಲಾ ಬಾಲಕಿ! ವೃತ್ತಿಪರರಾದದ್ದು 2016ರಲ್ಲಿ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದೇ ಒಂದು ಹೊಡೆತದ ಅಂತರದಲ್ಲಿ ಪದಕ ತಪ್ಪಿ ನಾಲ್ಕನೆಯವರಾದಾಗ ಇಡೀ ನಾಡು ಮರುಗಿತು.

ಈಗ ಎರಡೂ ಬಣದವರು ಎದುರಾಳಿಗಳಾಗುವುದಕ್ಕಿಂತ ಜೊತೆಗಾರರಾಗುವುದೇ ಹೆಚ್ಚು. ‘ಪ್ರೊ-ಆಮ್’ ಎಂಬ ಸ್ಪರ್ಧೆಯಲ್ಲಿ ಒಬ್ಬ ವೃತ್ತಿಪರ, ಸಾಮಾನ್ಯವಾಗಿ ಮೂವರು ಹವ್ಯಾಸಿಗಳು ಸೇರಿ ಒಂದು ತಂಡ. ಹವ್ಯಾಸಿಯ ಮಟ್ಟ ನೋಡಿ ‘ಹ್ಯಾಂಡಿಕ್ಯಾಪ್’ ಎಂಬ ರಿಯಾಯಿತಿ ಕೊಡುತ್ತಾರೆ: ಅದು 18 ಇದ್ದರೆ, 18 ಕುಳಿಗಳ ಆಟದಲ್ಲಿ ಕುಳಿಗೊಂದರಂತೆ ಹೊಡೆತ ಲೆಕ್ಕದಿಂದ ಕಳೆಯುತ್ತದೆ.